ಜಾಫ್ನಾದ ಬಾಟಲಿ ದೀಪ

ಖಾಲಿಯಾದ ಜಾಮ್ ಬಾಟಲಿ. ತಳದಲ್ಲಿ ಒಂದಿಷ್ಟು ಹತ್ತಿ, ಹತ್ತಿ ಕುಡಿಯುವಷ್ಟೇ ಸೀಮೆಎಣ್ಣೆ, ನಡುವೆ ತೆಳ್ಳನೆಯ ಬತ್ತಿ. 1990ರ ದಶಕದ ಮೊದಲ ವರ್ಷಗಳಲ್ಲಿ ಶ್ರೀಲಂಕಾದ ಜಾಫ್ನಾದಲ್ಲಿ ಕತ್ತಲಾಯಿತೆಂದರೆ ಮನೆಮನೆಗೂ ಇದೇ ಬೆಳಕು. ಅದರ ಸುತ್ತ ತಲೆಗೆ ತಲೆ ತಾಗಿಸಿ ಕೂತ ಮಕ್ಕಳು ಪರೀಕ್ಷೆಗೆ ಓದಬೇಕು.

1990ರ ಜೂನ್‌ನಲ್ಲಿ ಸರ್ಕಾರಕ್ಕೂ ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇಗೂ ಮತ್ತೆ ಯುದ್ಧ ಹೊತ್ತಿಕೊಂಡಿತು. ಹೋದ ಕರೆಂಟು ವರ್ಷಗಟ್ಟಲೆ ಬರಲಿಲ್ಲ. ಪೆಟ್ರೋಲ್, ಸಿಮೆಂಟ್, ರಸಗೊಬ್ಬರ, ಬ್ಯಾಟರಿ ಸೆಲ್, ಸೋಪು ಎಲ್ಲಕ್ಕೂ ಕೊಲಂಬೊದ ಸರ್ಕಾರ ನಿರ್ಬಂಧ ಹಾಕಿತು. ಬಟ್ಟೆ ಒಗೆಯಲು ತಾಳೆಹಣ್ಣಿನ ತಿರುಳು ಬಂತು. ಹಳೆಯ ಆಸ್ಟಿನ್ ಕಾರುಗಳು ಕಾರ್ಬುರೇಟರಿಗೆ ನಾಲ್ಕು ಹನಿ ಪೆಟ್ರೋಲ್ ಬಿಡಿಸಿಕೊಂಡು, ಆಮೇಲೆ ಸೀಮೆಎಣ್ಣೆಯಲ್ಲೇ ಓಡಿದವು. ಸಂಜೆ ಅಂಗಳದಲ್ಲಿ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸುತ್ತಿದ್ದರು. ಒಬ್ಬ ಪೆಡಲ್ ತಿರುಗಿಸಬೇಕು, ಡೈನಮೊ ಚಕ್ರಕ್ಕೆ ಉಜ್ಜಬೇಕು, ಆಗ ರೇಡಿಯೊದಲ್ಲಿ ಬಿಬಿಸಿಯ ತಮಿಳು ವಾರ್ತೆ. ಕೈ ಸೋತರೆ ವಾರ್ತೆಯೂ ನಿಂತಿತು. ಇದನ್ನೆಲ್ಲ ಜಾಣ್ಮೆ ಎಂದು ಹೊಗಳುವವರಿದ್ದಾರೆ. ನನಗೆ ಕಾಣುವುದು, ಒಂದು ಊರಿನ ಬುದ್ಧಿಯನ್ನೆಲ್ಲ ಯುದ್ಧ ಸೋಪಿಗೂ ಸೀಮೆಎಣ್ಣೆಗೂ ಖರ್ಚು ಮಾಡಿಸಿದ ಕ್ರೌರ್ಯ.

ಏಕೆಂದರೆ ಅದು ಹುಟ್ಟಾ ಬಡವರ ಸೀಮೆಯಲ್ಲ. ಕೆಮ್ಮಣ್ಣಿನಲ್ಲಿ ಈರುಳ್ಳಿ, ಮೆಣಸಿನಕಾಯಿ, ಹೊಗೆಸೊಪ್ಪು ಬೆಳೆದು ದಕ್ಷಿಣಕ್ಕೆ ಕಳಿಸುತ್ತಿದ್ದ ರೈತರು, ಕಂಕೇಸಂತುರೈಯಲ್ಲಿ ಸಿಮೆಂಟ್ ಕಾರ್ಖಾನೆ, ಹೆಸರಾಂತ ಶಾಲೆಗಳು. ಯುದ್ಧಕ್ಕೆ ಸಿಕ್ಕು ಕಾರ್ಖಾನೆ ಮುಚ್ಚಿತು. ಸುತ್ತಲ ಹೊಲಗಳು ಸೇನೆಯ ಬೇಲಿಯೊಳಗೆ ಸೇರಿದವು. ಉಳಿದಿದ್ದ ಬಂಗಾರಕ್ಕೆ ಎಲ್‌ಟಿಟಿಇ ಕೈ ಹಾಕಿತು: ಮನೆಗೆ ಎರಡು ಪವನು. 1990ರ ಅಕ್ಟೋಬರ್‌ನಲ್ಲಿ ಉತ್ತರದ ಮುಸ್ಲಿಮರನ್ನೆಲ್ಲ ಅದು ಹೊರದಬ್ಬಿತು. ಜಾಫ್ನಾ ಪಟ್ಟಣದವರಿಗೆ ಸಿಕ್ಕಿದ್ದು ಕೆಲವೇ ಗಂಟೆ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದ ವ್ಯಾಪಾರಿ ಸಂಜೆಗೆ ಉಟ್ಟ ಬಟ್ಟೆಯಲ್ಲಿ ನಿರಾಶ್ರಿತ. ಪುತ್ತಳಂನ ಶಿಬಿರಗಳಲ್ಲಿ ಅವರ ಮಕ್ಕಳು ಬೆಳೆದು ದೊಡ್ಡವರಾದರು.

1995ರ ಅಕ್ಟೋಬರ್ ಕೊನೆಯಲ್ಲಿ ಸೇನೆ ಪಟ್ಟಣದ ಹತ್ತಿರ ಬಂದಾಗ ಊರನ್ನೇ ಖಾಲಿ ಮಾಡಿಸಲಾಯಿತು. ಲಕ್ಷಾಂತರ ಜನ, ಒಂದೇ ರಸ್ತೆ, ಮೇಲೆ ಮಳೆ. ಸೈಕಲ್ಲಿನ ಹಿಂದೆ ಅಕ್ಕಿ ಮೂಟೆ, ಹ್ಯಾಂಡಲ್ಲಿಗೆ ಪಾತ್ರೆ, ಬಾರಿನ ಮೇಲೆ ಮಗು. ಹತ್ತಿ ತುಳಿಯಲು ಜಾಗವಿಲ್ಲದೆ ತಳ್ಳಿಕೊಂಡೇ ಚಾವಕಚ್ಚೇರಿಯ ಕಡೆಗೆ. ನಡೆಯಲಾರದ ಮುದುಕರು ಮನೆಯಲ್ಲೇ ಉಳಿದರು.

2009ರ ಮೇನಲ್ಲಿ ಗುಂಡಿನ ಸದ್ದು ನಿಂತಿತು. ಕೊನೆಯ ಕಾಳಗದ ನೆಲದಿಂದ ಹೊರಬಂದ ಸುಮಾರು ಮೂರು ಲಕ್ಷ ಜನ ಮುಳ್ಳುತಂತಿಯೊಳಗಿನ ಶಿಬಿರ ಸೇರಿದರು. ಬಿಡುಗಡೆಯಾಗಿ ಊರಿಗೆ ಮರಳಿದರೆ ಹೊಲದಲ್ಲಿ ನೆಲಬಾಂಬು, ಮನೆಗೆ ಚಾವಣಿಯಿಲ್ಲ, ಎಷ್ಟೋ ಕಡೆ ಗಂಡನೂ ಇಲ್ಲ. ಹೊಸ ರಸ್ತೆಯ ಜೊತೆಗೇ ಮೈಕ್ರೋಫೈನಾನ್ಸ್ ಕಂಪನಿಗಳೂ ಬಂದವು. ಕೋಳಿ ಸಾಕಲು, ಹೊಲಿಗೆ ಯಂತ್ರ ಕೊಳ್ಳಲು ಸಾಲ ತೆಗೆದ ವಿಧವೆಯರು ವಾರದ ಕಂತು ಕಟ್ಟಲು ಇನ್ನೊಂದು ಸಾಲ ಮಾಡಿದರು. 2018ರಲ್ಲಿ ಸರ್ಕಾರವೇ ಮುಂದೆ ಬಂದು, ಬರಪೀಡಿತ ಜಿಲ್ಲೆಗಳ ಹೆಣ್ಣುಮಕ್ಕಳ ಇಂಥ ಸಣ್ಣ ಸಾಲಗಳನ್ನು ಮನ್ನಾ ಮಾಡುವುದಾಗಿ ಹೇಳಬೇಕಾಯಿತು. ಯುದ್ಧ ಮುಗಿದು ಆಗಲೇ ಒಂಬತ್ತು ವರ್ಷ.