ಹಾಲು ಒಗ್ಗದವರಿಗೆ ಮೊಸರು

ಡಬ್ಲಿನ್ ನಗರದ ಉತ್ತರಕ್ಕೆ, ವಿಮಾನನಿಲ್ದಾಣಕ್ಕೆ ಅನತಿದೂರದಲ್ಲಿ, ವಾರ್ಡ್ ಎಂಬ ಕಿರುಹೊಳೆಯ ದಡದಲ್ಲಿರುವ ಸ್ವೋರ್ಡ್ಸ್ ಪಟ್ಟಣವು, ಆರನೆಯ ಶತಮಾನದಲ್ಲಿ ಸಂತ ಕೋಲಮ್‌ಕಿಲ್‌ನು ಅಲ್ಲೊಂದು ಮಠವನ್ನು ಸ್ಥಾಪಿಸಿದನೆಂಬ ಐತಿಹ್ಯದಿಂದಲೂ, ಆ ಮಠದ ನೆಲೆಯಲ್ಲಿ ಇಂದಿಗೂ ನಿಂತಿರುವ ದುಂಡು ಗೋಪುರದಿಂದಲೂ ಪ್ರಸಿದ್ಧವಾದುದು. ಆದರೆ ಉದ್ಯೋಗನಿಮಿತ್ತವಾಗಿ ಈಚಿನ ದಶಕಗಳಲ್ಲಿ ಆ ಪ್ರಾಂತಕ್ಕೆ ಬಂದು ನೆಲಸಿದ ಭಾರತೀಯ ಸಂಸಾರಗಳಿಗೆ ಗೋಪುರಕ್ಕಿಂತಲೂ ನಿತ್ಯಪರಿಚಿತವಾದುದು, ಹಾಲು, ಬೆಣ್ಣೆ, ಚೀಸು, ಹತ್ತಾರು ಬಗೆಯ ಮೊಸರುಗಳಿಂದ ಕಿಕ್ಕಿರಿದ ಅಂಗಡಿಯ ತಂಪುಕಪಾಟು.

ಐರಿಷ್ ಜನರು ಪ್ರೌಢವಯಸ್ಸಿನಲ್ಲಿಯೂ ಹಾಲನ್ನು ಅರಗಿಸಿಕೊಳ್ಳುವುದರಲ್ಲಿ ಲೋಕಕ್ಕೇ ಅಗ್ರಗಣ್ಯರು; ರ್‍ಯಾತ್ಲಿನ್ ದ್ವೀಪದಲ್ಲಿ ದೊರೆತ, ಸುಮಾರು 4000 ವರ್ಷಗಳ ಹಿಂದಿನ ಅಸ್ಥಿಯೊಂದರಲ್ಲಿಯೇ ಈ ಸಾಮರ್ಥ್ಯವನ್ನು ಕೊಡುವ ವಂಶವಾಹಿಯ ಗುರುತು ಕಂಡುಬಂದಿದೆ. ಅದೇ ಗುರುತು ಭಾರತದಲ್ಲಿಯೂ ಉಂಟು; ಆದರೆ ವಾಯವ್ಯದಲ್ಲಿ ದಟ್ಟವಾಗಿದ್ದು ದಕ್ಷಿಣಕ್ಕೂ ಪೂರ್ವಕ್ಕೂ ಬರಬರುತ್ತ ವಿರಳವಾಗುತ್ತದೆ. ಊರಿನಲ್ಲಿ ಕಾಫಿಗೆ ಬೆರೆಸಿದ ನಾಲ್ಕು ಚಮಚ ಹಾಲಿನಿಂದ ಯಾವ ತೊಂದರೆಯನ್ನೂ ಕಾಣದಿದ್ದ ಕನ್ನಡಿಗನೊಬ್ಬನು, ಐರ್ಲೆಂಡಿನಲ್ಲಿ ಇಡ್ಲಿಯನ್ನು ಬಿಟ್ಟು ಬಟ್ಟಲು ತುಂಬ ತಣ್ಣನೆಯ ಹಾಲಿನಲ್ಲಿ ಕಾರ್ನ್‌ಫ್ಲೇಕ್ಸ್ ನೆನೆಸಿ ತಿನ್ನತೊಡಗಿದ ಮೇಲೆ ಹೊಟ್ಟೆಯುಬ್ಬರ, ಗುಡುಗುಡು ಸದ್ದು, ಭೇದಿಗಳಿಂದ ಬಳಲಿ ಅದನ್ನೆಲ್ಲ ಹವೆಯ ದೋಷವೆಂದು ಭಾವಿಸಿದರೆ ಆಶ್ಚರ್ಯವೇನು?

ದೋಷವು ಹವೆಯದಲ್ಲ, ನಿಜಕ್ಕೂ ದೋಷವೆನ್ನಲೂ ಬಾರದು. ಹಾಲಿನಲ್ಲಿರುವ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವವು ಶೈಶವದಲ್ಲಿ ಸಣ್ಣಕರುಳಿನಲ್ಲಿ ಹೇರಳವಾಗಿದ್ದು, ಪ್ರಪಂಚದ ಮೂರರಲ್ಲಿ ಸುಮಾರು ಎರಡು ಪಾಲು ಜನರಲ್ಲಿ ಬಾಲ್ಯ ಕಳೆಯುತ್ತ ಕ್ಷೀಣಿಸುತ್ತದೆ; ಒಡೆಯದೆ ಉಳಿದ ಸಕ್ಕರೆ ದೊಡ್ಡಕರುಳಿಗಿಳಿದು ನೀರನ್ನು ಸೆಳೆದುಕೊಳ್ಳುತ್ತದೆ, ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಹುಳಿಯಿಸಿ ವಾಯುವನ್ನುಂಟುಮಾಡುತ್ತವೆ. ಒಂದು ಲೋಟ ಹಾಲಿನಲ್ಲಿರುವಷ್ಟು, ಎಂದರೆ 12 ಗ್ರಾಮಿನಷ್ಟು ಲ್ಯಾಕ್ಟೋಸನ್ನು ಹೆಚ್ಚಿನವರು ಅಷ್ಟೇನೂ ಕ್ಲೇಶವಿಲ್ಲದೆ ಸಹಿಸಬಲ್ಲರು. ಮಿತಿ ಮೀರಿದಾಗಲೇ ಪೇಚಾಟ.

ಹಾಗಾದರೆ ಲ್ಯಾಕ್ಟೋಸ್ ಪೂರ್ತಿಯಾಗಿ ಕಳೆದುಹೋಗದ ಮೊಸರು ಇಂಥವರಿಗೆ ಒಗ್ಗುವುದೆಂತು? ಹಾಲು ಹೆಪ್ಪುಗಟ್ಟುವಾಗ ಸಕ್ಕರೆಯ ಒಂದಂಶ ಆಮ್ಲವಾಗಿ ಮಾರ್ಪಡುವುದು ಒಂದು ಕಾರಣವಾದರೂ, ಮುಖ್ಯ ಕಾರಣ ಅದಲ್ಲ. ಮೊಸರಿನಲ್ಲಿ ಜೀವಂತವಾಗಿರುವ ಸೂಕ್ಷ್ಮಜೀವಿಗಳು ಲ್ಯಾಕ್ಟೋಸನ್ನು ಒಡೆಯುವ ಕಿಣ್ವವನ್ನು ತಮ್ಮ ಒಡಲಲ್ಲಿಯೇ ಹೊತ್ತುಕೊಂಡು ಜಠರಾಮ್ಲವನ್ನು ದಾಟಿ ಸಣ್ಣಕರುಳನ್ನು ಸೇರುತ್ತವೆ. ಅಲ್ಲಿ ಪಿತ್ತರಸದ ಸಂಪರ್ಕದಿಂದ ಅವುಗಳ ಕೋಶಭಿತ್ತಿ ಸಡಿಲಗೊಂಡು, ಕರುಳಿನಲ್ಲಿಲ್ಲದ ಕಿಣ್ವದ ಕೆಲಸವನ್ನು ಅವುಗಳ ಕಿಣ್ವವೇ ಪೂರೈಸುತ್ತದೆ. ಮೊಸರು ತನ್ನನ್ನು ತಾನೇ ಜೀರ್ಣಿಸಿಕೊಳ್ಳುವ ಆಹಾರವೆಂದು 1984ರಲ್ಲಿ ಅಮೆರಿಕದ ವೈದ್ಯರು ಪ್ರಯೋಗಪೂರ್ವಕವಾಗಿ ತೋರಿಸಿದರು. ಗಟ್ಟಿಯಾದ ಮೊಸರು ಹಾಲಿಗಿಂತ ನಿಧಾನವಾಗಿ ಜಠರದಿಂದ ಕೆಳಗಿಳಿಯುವುದೂ ಉಪಕಾರಕವೇ.

ಪ್ರೋಬಯಾಟಿಕ್ ಎಂಬ ಶಬ್ದದ ಮಹಿಮೆಯಿಂದ ಇಮ್ಮಡಿ ಬೆಲೆಗೆ ಮಾರಾಟವಾಗುವ ಪುಟ್ಟ ಸೀಸೆಗಳು ಇದಕ್ಕೆ ಅವಶ್ಯವೆ? ಅಲ್ಲವೆಂದೇ ನನ್ನ ಎಣಿಕೆ. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯ ಮೆಚ್ನಿಕಾಫ್, 1908ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಆ ಮಹಾಶಯನು, ಬಲ್ಗೇರಿಯದ ಮೊಸರಿನ ಜೀವಾಣುಗಳು ದೀರ್ಘಾಯುಸ್ಸನ್ನು ಕೊಡುವುವೆಂದು ನಂಬಿದ್ದನು. ಅವು ಕರುಳಿನಲ್ಲಿ ನೆಲೆನಿಲ್ಲುವುದಿಲ್ಲವೆಂಬುದು ಅನಂತರ ತಿಳಿಯಿತು. ಹಾಲು ಒಗ್ಗದವನಿಗಾದರೋ ಅವು ನೆಲಸಬೇಕಾದ ಅಗತ್ಯವೇ ಇಲ್ಲ, ಹಾದುಹೋಗುವಾಗ ಕೆಲಸ ಮುಗಿಸಿಕೊಟ್ಟರೆ ಸಾಕು. ಐರ್ಲೆಂಡಿಗೂ ಅನ್ವಯಿಸುವ ಯುರೋಪಿನ ಆಹಾರನಿಯಮವು ಪ್ರೋಬಯಾಟಿಕ್ ಎಂಬ ಮಾತನ್ನೇ ಸಿದ್ಧಪಡದ ಆರೋಗ್ಯಾಶ್ವಾಸನೆಯೆಂದು ಎಣಿಸುತ್ತದೆ. ಅದೇ ನಿಯಮಾವಳಿ 2012ರಲ್ಲಿ, ಪ್ರತಿ ಗ್ರಾಮಿನಲ್ಲಿಯೂ ಕನಿಷ್ಠ 10 ಕೋಟಿ ಸಜೀವ ಬಲ್ಗೇರಿಕಸ್ ಮತ್ತು ಥರ್ಮೋಫಿಲಸ್ ಜೀವಾಣುಗಳುಳ್ಳ ಸಾಧಾರಣ ಮೊಸರಿಗೆ, ಲ್ಯಾಕ್ಟೋಸಿನ ಜೀರ್ಣಕ್ಕೆ ನೆರವಾಗುತ್ತದೆಂದು ಹೇಳಿಕೊಳ್ಳುವ ಅಧಿಕಾರವನ್ನಿತ್ತಿತು. ಕಪಾಟಿನ ಮುಂದೆ ನಿಂತವನು ನೋಡಬೇಕಾದದ್ದು, ಸಕ್ಕರೆ ಬೆರೆಸದ ಮೊಸರಿನಲ್ಲಿ ಜೀವಾಣುಗಳು ಸಜೀವವಾಗಿವೆಯೆ ಎಂಬುದನ್ನಷ್ಟೇ. ಹೆಪ್ಪುಗಟ್ಟಿದ ತರುವಾಯ ಕಾಯಿಸಿದ ಸರಕು ಈ ಪ್ರಯೋಜನಕ್ಕೆ ಬಾರದು.

ನಮ್ಮ ಅಡುಗೆಮನೆಗೂ ಈ ಮಾತು ಸಲ್ಲುತ್ತದೆ. ಕುದಿಸಿದ ಮಜ್ಜಿಗೆಹುಳಿಯಲ್ಲಿ ಜೀವಾಣುಗಳೂ ಕಿಣ್ವವೂ ಉಳಿಯುವುದಿಲ್ಲ. ಅನ್ನವನ್ನು ಚೆನ್ನಾಗಿ ಆರಲು ಬಿಟ್ಟು ಕಲಸಿದ ಮೊಸರನ್ನದಲ್ಲಿ ಉಳಿಯುತ್ತವೆ. ಐರ್ಲೆಂಡಿನ ಚಳಿಯಲ್ಲಿ ಹೆಪ್ಪು ಕೂರುವುದು ಕಷ್ಟವಾದುದರಿಂದ, ಅಂಗಡಿಯ ಸಜೀವ ಮೊಸರಿನ ಒಂದು ಚಮಚವನ್ನು ಉಗುರುಬೆಚ್ಚಗಿನ ಹಾಲಿಗೆ ಬೆರೆಸಿ, ದೀಪ ಮಾತ್ರ ಹಚ್ಚಿದ ಒಲೆಗೂಡಿನೊಳಗೆ ರಾತ್ರಿಯೆಲ್ಲ ಇಡುವುದುಂಟು. ಹೆಚ್ಚು ಹೊತ್ತು ಹುಳಿತಷ್ಟೂ ಸಕ್ಕರೆ ಕಡಮೆಯಾಗುತ್ತದೆ.

ಹಾಲಿನ ಪ್ರೋಟೀನಿಗೆ ಅಲರ್ಜಿಯುಳ್ಳವರ ಮಾತು ಬೇರೆ; ಅವರಿಗೆ ಹಾಲಿನಷ್ಟೇ ಮೊಸರೂ ಅಪಾಯಕರ. ಐರ್ಲೆಂಡಿನಲ್ಲಿ ವಿರಳವಲ್ಲದ, ಗೋಧಿಯ ಗ್ಲೂಟೆನ್ನಿನಿಂದ ಕರುಳಿನ ಒಳಪದರ ಕೆಡುವ ಸೀಲಿಯಾಕ್ ರೋಗದಲ್ಲಿಯೂ ಹಾಲು ಒಗ್ಗದಂತಾಗಬಹುದು. ಲಕ್ಷಣಗಳು ಬಿಡದೆ ಕಾಡಿದರೆ ವೈದ್ಯರಲ್ಲಿಗೆ ಹೋಗಿ ರಕ್ತಪರೀಕ್ಷೆ ಮಾಡಿಸತಕ್ಕದ್ದು. ಅದನ್ನೂ ಗೋಧಿಯನ್ನು ತಿನ್ನುತ್ತಿರುವಾಗಲೇ ಮಾಡಿಸಬೇಕು, ಬಿಟ್ಟ ಮೇಲೆ ಮಾಡಿಸಿದ ಪರೀಕ್ಷೆಯ ಫಲವನ್ನು ನೆಚ್ಚುವಂತಿಲ್ಲ.