ನಿಮಗಿದು ಗೊತ್ತೆ? ಕಾರು ಬೇಡ ಎಂದ ಬೌಲರ್

ಬಾಡಗಂಡಿಯಿಂದ ಕೊರ್ತಿ-ಕೊಲ್ಹಾರ ಸೇತುವೆ ದಾಟಿ ಮುಂದೆ ಹೋದರೆ ವಿಜಯಪುರ. ಎಡಗೈ ಸ್ಪಿನ್ನರ್ ರಾಜೇಶ್ವರಿ ಗಾಯಕವಾಡ ಈ ಊರಿನವರು. ಜಾವೆಲಿನ್ ಎಸೆಯುತ್ತಿದ್ದ ಹುಡುಗಿಯನ್ನು ಕ್ರಿಕೆಟ್‌ಗೆ ಹಚ್ಚಿದವರು ತಂದೆ. 2014ರ ಜನವರಿಯಲ್ಲಿ ಶ್ರೀಲಂಕಾ ಎದುರು ಭಾರತ ತಂಡಕ್ಕೆ ಕಾಲಿಟ್ಟರು. ಅದೇ ವರ್ಷ ತಂದೆ ಹೃದಯಾಘಾತದಿಂದ ತೀರಿಕೊಂಡರು. ಮನೆಯ ಭಾರ ಮಗಳ ಹೆಗಲಿಗೆ ಬಿತ್ತು.

ಆಟಗಾರರಿಗೆ ಕೆಲವೊಮ್ಮೆ ತಂಡಕ್ಕೆ ಆಯ್ಕೆಯಾಗುವುದಕ್ಕಿಂತ ಅಂಗಳಕ್ಕೆ ಇಳಿಯುವುದೇ ಕಷ್ಟ. ಪಂಜಾಬಿನ 7 ಅಡಿ 2 ಇಂಚಿನ ಸತ್ನಾಮ್ ಸಿಂಗ್ ಅವರನ್ನು 2015ರಲ್ಲಿ ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ತಂಡ ಡಲ್ಲಾಸ್ ಆರಿಸಿತು. ಹೀಗೆ ಆಯ್ಕೆಯಾದ ಮೊದಲ ಭಾರತೀಯ ಅವರು. ಆದರೆ ಎನ್‌ಬಿಎಯಲ್ಲಿ ಒಂದು ಪಂದ್ಯವೂ ಸಿಗಲಿಲ್ಲ!

ರಾಜೇಶ್ವರಿಯೂ 2017ರ ವಿಶ್ವಕಪ್‌ನಲ್ಲಿ ಪಂದ್ಯದ ಮೇಲೆ ಪಂದ್ಯ ಹೊರಗೇ ಕೂತರು. ಸೋತರೆ ಮನೆಗೆ ಎನ್ನುವಂಥ ಡರ್ಬಿ ನಗರದ ಪಂದ್ಯದಲ್ಲಿ ಕೊನೆಗೂ ಚೆಂಡು ಕೈಗೆ ಬಂತು. 15 ರನ್‌ಗೆ 5 ವಿಕೆಟ್! ನ್ಯೂಜಿಲೆಂಡ್ 79ಕ್ಕೆ ಗಂಟುಮೂಟೆ ಕಟ್ಟಿತು.

ಊರಿಗೆ ಬಂದಾಗ ಸಚಿವ ಎಂ.ಬಿ. ಪಾಟೀಲರು ಕಾರು ಕೊಡಲು ಮುಂದಾದರು. ರಾಜೇಶ್ವರಿ ಒಲ್ಲೆ ಎಂದರು. ಮನೆಮಂದಿಗೆಲ್ಲ ಸ್ವಂತ ಸೂರು ಮೊದಲು ಆಗಬೇಕಿತ್ತು.