ಗೊಂಬೆಯ ಅಳತೆಗೆ ಕೋಟೆ

ನವರಾತ್ರಿಯಲ್ಲಿ ಬೊಂಬೆ ಕೂರಿಸುವ ಪದ್ಧತಿ ಮೈಸೂರಿನ ಸುತ್ತಮುತ್ತ ಬೇರೂರಿರುವಷ್ಟು ನಮ್ಮ ಮಲೆನಾಡಿನಲ್ಲಿ ಬೇರೂರಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಜನರಿಗೆ ನವರಾತ್ರಿಯೆಂದೊಡನೆ ನೆನಪಾಗುವುದು ತುಂಗಾತೀರದ ಶಾರದೆಯ ಉತ್ಸವ. ಆದರೂ ಪಟ್ಟದ ಗೊಂಬೆಗಳನ್ನು ಪೆಟ್ಟಿಗೆಯಿಂದ ತೆಗೆದು ಅಲಂಕರಿಸುವ ಮನೆಗಳು ಇಲ್ಲಿಯೂ ಉಂಟು. ಮೆಟ್ಟಿಲುಗಳ ಮೇಲಿನ ರಾಜರಾಣಿಯರ, ದೇವತೆಗಳ ವ್ಯವಸ್ಥೆಯೆಲ್ಲ ಹಿರಿಯರದು. ಕೆಳಗೆ ನೆಲದ ಮೇಲಿನ ತೋಟ, ಕೊಳ, ಸಂತೆ, ಕೋಟೆಗಳೆಲ್ಲ ಮಕ್ಕಳ ಪಾಲಿನ ರಾಜ್ಯ. ಆ ರಾಜ್ಯದಲ್ಲಿ ಕೋಟೆಯನ್ನು ಕಟ್ಟುವುದು ಹೇಗೆಂಬುದೇ ಈ ಭಾಷಣದ ವಿಷಯ.

ಇದು ಹುಡುಗಾಟದ ಮಾತೆಂದು ತಳ್ಳಿಹಾಕುವ ಮುನ್ನ ಶ್ರೋತೃಗಳು ಒಂದೆರಡು ಸಂಗತಿಗಳನ್ನು ಕೇಳಬೇಕು. ಫ್ರಾನ್ಸಿನಲ್ಲಿ 14ನೆಯ ಲೂಯಿಯ ಮಂತ್ರಿ ಲೂವ್ವಾ ಎಂಬಾತನು 1668ರಲ್ಲಿ ಗಡಿನಾಡಿನ ಕೋಟೆಗಳ ಪ್ರತಿಕೃತಿಗಳನ್ನು ಮಾಡಿಸತೊಡಗಿದನು. ಅವು ನಿಜದ 600ರಲ್ಲಿ ಒಂದು ಪಾಲಿನವು. ದೂರದ ಕೋಟೆಯ ದುರ್ಬಲ ಸ್ಥಳವನ್ನು ಅರಮನೆಯಲ್ಲಿ ಕುಳಿತೇ ಕಂಡುಕೊಳ್ಳಲು ಅರಸನಿಗೆ ಅವು ನೆರವಾಗುತ್ತಿದ್ದವು. ಪ್ಯಾರಿಸ್ಸಿನಲ್ಲಿ ಅವುಗಳಿಗಾಗಿಯೇ ಒಂದು ವಸ್ತುಸಂಗ್ರಹಾಲಯವಿದೆ. ನಮ್ಮಲ್ಲಿಯೂ ಬೆಳಗಾವಿಯ ಕಡೆಗೆ ದೀಪಾವಳಿ ಬಂದಿತೆಂದರೆ ಹುಡುಗರು ಕಲ್ಲು, ಮಣ್ಣು, ಗೋಣಿಚೀಲಗಳನ್ನು ಕೂಡಿಹಾಕಿ ಮನೆಯ ಅಂಗಳದಲ್ಲಿ ಕೋಟೆ ಕಟ್ಟುತ್ತಾರೆ. ತುದಿಯಲ್ಲಿ ಶಿವಾಜಿಯ ಮೂರ್ತಿ, ಮೆಟ್ಟಿಲುಗಳುದ್ದಕ್ಕೂ ಮಾವಳೆ ಸೈನಿಕರು. ರಾಯಗಡ, ಪ್ರತಾಪಗಡಗಳೆಂದು ಹೆಸರು ಹೇಳಿ, ಗುರುತು ಹಿಡಿಯುವಂತೆ ಕಟ್ಟುವವರೂ ಉಂಟು. ನಮ್ಮ ಮಕ್ಕಳು ಕಟ್ಟುವ ಕೋಟೆಯಾದರೋ ಬಹುಮಟ್ಟಿಗೆ ಯಾವ ಊರಿನದೂ ಅಲ್ಲ. ನಾಲ್ಕು ಮೂಲೆಗೆ ನಾಲ್ಕು ದುಂಡು ಗೋಪುರ, ಅವುಗಳ ಮೇಲೆ ಚೂಪಾದ ಟೋಪಿ, ಎದುರಿಗೆ ನೇರವಾದ ಬಾಗಿಲು! ಚಲನಚಿತ್ರದಿಂದಲೋ ಆಟಿಕೆಯ ಡಬ್ಬಿಯ ಮೇಲಿನ ಚಿತ್ರದಿಂದಲೋ ಬಂದ ಕೋಟೆ ಅದು. ಪಕ್ಕದ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಕೆಳದಿಯ ನಾಯಕರ ಕವಲೇದುರ್ಗವಿದೆ. ಕೊಪ್ಪದಿಂದ ಹೊರಟರೆ ಒಂದೇ ಹಗಲಿನಲ್ಲಿ ನೋಡಿ ಬರಬಹುದು. ಕಟ್ಟುವುದಾದರೆ ಅದನ್ನೇ ಏಕೆ ಕಟ್ಟಬಾರದು?

ಕಟ್ಟುವ ಮೊದಲು ಅಳತೆ ಗೊತ್ತಾಗಬೇಕು. ಅಳತೆಯನ್ನು ಕೋಣೆಯಿಂದ ತೆಗೆದುಕೊಳ್ಳುವುದಲ್ಲ, ಗೊಂಬೆಯಿಂದ. ಸಿಪಾಯಿಯ ಗೊಂಬೆ ಎರಡು ಅಂಗುಲವಿದೆಯೆನ್ನೋಣ. ಲಂಡನ್ನಿನ ಬ್ರಿಟನ್ ಕಂಪನಿಯವರು 1893ರಿಂದ ಎರಕಹೊಯ್ದು ಮಾರಿದ ಪೊಳ್ಳು ಸೀಸದ ಸಿಪಾಯಿಗಳೂ ಹೆಚ್ಚುಕಡಿಮೆ ಇದೇ ಎತ್ತರದವು, 54 ಮಿಲಿಮೀಟರು. ಐದೂವರೆ ಅಡಿಯ ಮನುಷ್ಯನೆಂದರೆ 66 ಅಂಗುಲ. ಆದಕಾರಣ ನಮ್ಮ ಗೊಂಬೆಯು ಮನುಷ್ಯನ 33ರಲ್ಲಿ ಒಂದು ಪಾಲು. ಈ 33 ಎಂಬ ಸಂಖ್ಯೆಯಿಂದ ಮಿಕ್ಕೆಲ್ಲವನ್ನೂ ಭಾಗಿಸುತ್ತ ಹೋಗಬೇಕು. ಹನ್ನೆರಡು ಅಡಿಯ ಹೆಬ್ಬಾಗಿಲು ನಾಲ್ಕೂಕಾಲು ಅಂಗುಲಕ್ಕೆ ಸ್ವಲ್ಪ ಮೇಲಾಗುತ್ತದೆ. ಒಂಬತ್ತು ಅಡಿಯ ಆನೆ ಮೂರೂಕಾಲು ಅಂಗುಲ. ಹದಿನೆಂಟು ಅಡಿಯ ಗೋಡೆ ಆರೂವರೆ ಅಂಗುಲ.

ಅಳತೆ ತಪ್ಪಿದರೆ ಕೆಡುವುದು ಅಂದವೊಂದೇ ಅಲ್ಲ, ಕಥೆಯೇ ಕೆಡುತ್ತದೆ. ಚಿತ್ರದುರ್ಗದ ಓಬವ್ವನ ಪ್ರಸಂಗವನ್ನು ಗೊಂಬೆಗಳಲ್ಲಿ ತೋರಿಸುವುದು ನಮ್ಮವರಿಗೆ ಬಲು ಪ್ರಿಯ. ಹೈದರಾಲಿಯ ಸೈನಿಕರು ಬಂಡೆಗಳ ಕಿಂಡಿಯೊಂದರಲ್ಲಿ ಒಬ್ಬೊಬ್ಬರಾಗಿ ನುಸುಳಿ ಬಂದರೆಂದೂ, ಕಾವಲುಗಾರನ ಹೆಂಡತಿಯು ಒನಕೆಯಿಂದ ಅವರನ್ನು ಒಬ್ಬೊಬ್ಬರನ್ನಾಗಿಯೇ ಬಡಿದಳೆಂದೂ ಪ್ರತೀತಿ. ಈ ಕಥೆಯ ಪ್ರಾಣವಿರುವುದೆಲ್ಲ ಆ ಕಿಂಡಿಯ ಕಿರಿದುತನದಲ್ಲಿ. ಒಬ್ಬ ಮನುಷ್ಯ ತೂರಬಹುದಾದ ಒಂದೂವರೆ ಅಡಿಯ ಸಂದು ನಮ್ಮ ಅಳತೆಯಲ್ಲಿ ಅರ್ಧ ಅಂಗುಲಕ್ಕೆ ಬರುತ್ತದೆ. ಎರಡು ಅಂಗುಲದ ಗೊಂಬೆಗೆ ನಾಲ್ಕು ಅಂಗುಲದ ಗುಹೆಯನ್ನು ಮಾಡಿಟ್ಟರೆ ಆನೆಯೇ ಒಳಗೆ ಬರಬಹುದು; ಓಬವ್ವನ ಸಾಹಸಕ್ಕೆ ಆಗ ಅರ್ಥವೆಲ್ಲಿ? ಚನ್ನಪಟ್ಟಣದ ಗುಂಡು ಗೊಂಬೆಗಳು ಅರ್ಧ ಅಂಗುಲದಲ್ಲಿ ತೂರಲಾರವೆಂಬ ಆಕ್ಷೇಪಣೆ ಬರಬಹುದು. ಅದು ನಿಜ. ಸೈನಿಕನ ತಲೆಯನ್ನಷ್ಟೇ ಮಣ್ಣಿನಲ್ಲಿ ಮಾಡಿ ಕಿಂಡಿಯಿಂದ ಇಣುಕಿಸಿದರಾಯಿತು.

ಇನ್ನು ಗುಡ್ಡ. ಇಲ್ಲಿ ನಮ್ಮ ಲೆಕ್ಕ ಕೈಕೊಡುತ್ತದೆ. ಇನ್ನೂರು ಅಡಿಯ ಸಣ್ಣ ಗುಡ್ಡವೂ 33ರ ಲೆಕ್ಕದಲ್ಲಿ ಆರಡಿ ಎತ್ತರವಾಗುತ್ತದೆ. ಐನೂರು ಅಡಿ ಅಗಲದ ಕೋಟೆಗೆ ಹದಿನೈದು ಅಡಿಯ ಜಾಗ ಬೇಕು. ಯಾರ ಮನೆಯ ಜಗಲಿ ಇದಕ್ಕೆ ಸಾಕಾದೀತು? ಇದೇ ತೊಡಕು ಇಂಗ್ಲೆಂಡಿನ ಸೈಬೋರ್ನನಿಗೂ ಬಂದಿತ್ತು. ವಾಟರ್‌ಲೂ ಯುದ್ಧದ ಪ್ರತಿಕೃತಿಯನ್ನು ಆತನು 1838ರಲ್ಲಿ ಪೂರೈಸಿದನು. ಮೈಲಿಗೆ ಒಂಬತ್ತು ಅಡಿಯಂತೆ ನೆಲವು ನಿಜದ ಸುಮಾರು 600ರಲ್ಲಿ ಒಂದು ಪಾಲಾಯಿತು. ಅದೇ ಲೆಕ್ಕದಲ್ಲಿ ಸಿಪಾಯಿಗಳನ್ನು ಮಾಡಿದ್ದರೆ ಅವರು ಸಾಸಿವೆಕಾಳಿನಂತೆ ಕಾಣುತ್ತಿದ್ದರು. ಅದಕ್ಕೆಂದೇ ಆತನು ಸಿಪಾಯಿಗಳನ್ನು ಹತ್ತು ಮಿಲಿಮೀಟರಿನಷ್ಟು ದೊಡ್ಡದಾಗಿ ಇಟ್ಟನು. ನೆಲಕ್ಕೊಂದು ಅಳತೆ, ಜನಕ್ಕೊಂದು ಅಳತೆ. ನಮಗೂ ಇದೇ ದಾರಿ. ಗೊಂಬೆಯ ಕೈಗೆಟುಕುವ ಬಾಗಿಲು, ಮೆಟ್ಟಿಲು, ಕಾವಲುಕೋಣೆ, ಗೋಡೆಯ ತೆನೆಗಳು ಗೊಂಬೆಯ ಅಳತೆಯವಾಗಿರಲಿ. ಗುಡ್ಡದ ಎತ್ತರ, ಸುತ್ತುಗಳ ನಡುವಣ ದೂರ, ಇವನ್ನು ಧೈರ್ಯವಾಗಿ ಕುಗ್ಗಿಸಬಹುದು. ಗುಡ್ಡವು ಎರಡೂವರೆ ಅಡಿಗೆ ಮೀರದಿರಲಿ. ನೆಲದ ಮೇಲೆ ಕುಳಿತು ನೋಡುವವರ ಕಣ್ಣಿಗೆ ಅರಮನೆಯು ಸರಿಸಮವಾಗಿ ನಿಲ್ಲುವುದು ಆಗಲೇ.

ಕವಲೇದುರ್ಗದಲ್ಲಿ ಗಮನಿಸತಕ್ಕದ್ದು ಗೋಡೆಯ ನಡಿಗೆಯನ್ನು. ಭುವನಗಿರಿಯೆಂದೂ ಕರೆಸಿಕೊಂಡ ಆ ಬೆಟ್ಟದ ಸುತ್ತ ಮೂರು ಸುತ್ತಿನ ಕಲ್ಲುಗೋಡೆಗಳಿವೆ. ಅವು ಚೌಕವಲ್ಲ, ದುಂಡಲ್ಲ. ಬೆಟ್ಟದ ಮೈ ಎಲ್ಲಿ ಹೊರಳಿತೋ ಅಲ್ಲಿ ತಾವೂ ಹೊರಳಿವೆ. ಆದಕಾರಣ ಮಕ್ಕಳು ಗೋಡೆಯನ್ನು ಮೊದಲು ಮಾಡಿ ಗುಡ್ಡವನ್ನು ಆಮೇಲೆ ತುಂಬಬಾರದು. ಗುಡ್ಡ ಮೊದಲು. ಹಳೆಯ ರಟ್ಟುಗಳನ್ನು ಸೊಟ್ಟಸೊಟ್ಟಾಗಿ ಕತ್ತರಿಸಿ, ದೊಡ್ಡದರ ಮೇಲೆ ಚಿಕ್ಕದನ್ನು ಪೇರಿಸಿದರೆ ಮೆಟ್ಟಿಲುಗಳಂತಹ ಗುಡ್ಡ ಸಿದ್ಧವಾಗುತ್ತದೆ; ಗೋಡೆಗಳು ಆ ಅಂಚುಗಳ ಮೇಲೆಯೇ ಓಡಲಿ. ಈಗ ಎಲ್ಲರೂ ಥರ್ಮೋಕೋಲನ್ನು ಬಳಸುತ್ತಾರೆ. ಹಗುರವೆಂಬುದೇನೋ ಸರಿ; ಕೊಯ್ದರೆ ಉದುರುವ ಬಿಳಿಯ ಕಾಳುಗಳು ಹಬ್ಬ ಮುಗಿದ ಮೇಲೂ ಮನೆ ಬಿಟ್ಟು ಹೋಗುವುದಿಲ್ಲ, ದೀಪಕ್ಕೆ ತಾಗಿದರೆ ಅಪಾಯ ಬೇರೆ.

ದಾರಿಯು ಹೆಬ್ಬಾಗಿಲಿನಿಂದ ಅರಮನೆಗೆ ನೇರವಾಗಿ ಹೋಗಲಾಗದು. ಬಾಗಿಲು ದಾಟಿದವನು ಒಂದು ಗೋಡೆಗೆ ಮುಖ ಕೊಟ್ಟು ತಿರುಗಬೇಕು, ತಿರುಗಿದಲ್ಲಿ ಮತ್ತೊಂದು ಬಾಗಿಲು ಇದಿರಾಗಬೇಕು. ಆನೆಯು ಓಡಿಬಂದು ಬಾಗಿಲಿಗೆ ಹಣೆಯಿಡಲು ಜಾಗವಿರಕೂಡದೆಂಬುದೇ ಇದರ ತಂತ್ರ. ಕವಲೇದುರ್ಗದ ಬಾಗಿಲುಗಳ ಇಕ್ಕೆಲಗಳಲ್ಲಿ ಕಾವಲಿನವರ ಕೋಣೆಗಳಿವೆ. ಇಬ್ಬರು ಸಿಪಾಯಿ ಗೊಂಬೆಗಳಿಗೆ ಅದಕ್ಕಿಂತ ಒಳ್ಳೆಯ ಸ್ಥಾನ ಸಿಗಲಾರದು. ಮೇಲೆ ಅರಮನೆಯ ಜಗಲಿ, ಕಲ್ಲುಗಳು ಉಳಿದಿವೆ, ಮಾಡು ಉಳಿದಿಲ್ಲ. ಗುಮ್ಮಟಗಳನ್ನು ಇಡುವ ಚಪಲವನ್ನು ತಡೆದುಕೊಂಡು, ಈ ಮಳೆಗೆ ಒಪ್ಪುವ ಇಳಿಜಾರಿನ ಮಾಡನ್ನು ಅಡಿಕೆಹಾಳೆಯಿಂದ ಕತ್ತರಿಸಿ ಹೊದಿಸಬೇಕು. ಕೊಳಕ್ಕೆ ಕನ್ನಡಿಯ ಚೂರು ಎಲ್ಲರಿಗೂ ಗೊತ್ತೇ ಇದೆ.

ಮಣ್ಣಿನ ಮಾತನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಮಲೆನಾಡಿನಲ್ಲಿ ಕೋಟೆಯ ನಿಜವಾದ ಶತ್ರು ಥಂಡಿ. ನಮ್ಮ ನೆರೆಯ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲ್ಪಟ್ಟು ಮಳೆ ಬೀಳುತ್ತದೆ, ನವರಾತ್ರಿಯ ಹೊತ್ತಿಗೂ ಗಾಳಿ ಆರಿರುವುದಿಲ್ಲ. ಬರಿಯ ಜೇಡಿಮಣ್ಣಿನ ಗೋಡೆ ಒಣಗುವುದೇ ಇಲ್ಲ. ಬಲವಂತವಾಗಿ ಒಲೆಯ ಬಳಿ ಇಟ್ಟರೆ ಹೊರಮೈ ಮೊದಲು ಕುಗ್ಗಿ ಬಿರಿಯುತ್ತದೆ. ಮಣ್ಣಿಗೆ ಮೂರರಲ್ಲೊಂದು ಪಾಲು ಮರಳು, ಒಂದು ಹಿಡಿ ಭತ್ತದ ಉಮಿ, ಸಣ್ಣಗೆ ಕತ್ತರಿಸಿದ ಹುಲ್ಲು ಸೇರಿಸಿ ಕಲಸಿದರೆ ಕುಗ್ಗುವುದು ಕಡಮೆಯಾಗುತ್ತದೆ. ಅದನ್ನು ರಟ್ಟಿನ ಮೇಲೆ ಕಾಲಂಗುಲದಷ್ಟೇ ತೆಳುವಾಗಿ ಬಳಿದು, ನೆರಳಿನಲ್ಲಿ ಎರಡು ದಿನ ಬಿಟ್ಟು, ಆಮೇಲೆ ಅಡಿಗೆಮನೆಯ ಅಟ್ಟಕ್ಕೆ ಏರಿಸಬೇಕು. ಇನ್ನೂ ಹಗುರವಾಗಬೇಕೆಂದರೆ ನಮ್ಮ ಅಜ್ಜಿಯರ ಉಪಾಯವೊಂದಿದೆ. ಹಳೆಯ ಕಾಗದವನ್ನು ನೆನೆಸಿ, ರುಬ್ಬಿ, ಅದಕ್ಕೆ ಅರೆದ ಮೆಂತ್ಯ ಬೆರಸಿ ಅವರು ಬುಟ್ಟಿಗಳಿಗೆ ಮೆತ್ತುತ್ತಿದ್ದರು. ಆ ಹಿಟ್ಟೇ ಗೋಡೆಗೂ ಸಲ್ಲುತ್ತದೆ. ಮೈದಾ ಅಂಟಿಗೆ ಬೂಷ್ಟು ಹಿಡಿಯದಂತೆ ಚಿಟಿಕೆ ಮೈಲುತುತ್ತವನ್ನು ಹಾಕುವುದುಂಟು. ಕೊಳೆರೋಗದ ಔಷಧಿಗೆಂದು ತಂದದ್ದು ತೋಟದವರ ಮನೆಯಲ್ಲಿ ಇದ್ದೇ ಇರುತ್ತದೆ. ಅದು ವಿಷ. ಆ ಕೆಲಸ ಹಿರಿಯರದು, ಮಕ್ಕಳ ಕೈಗೆ ಕೊಡತಕ್ಕದ್ದಲ್ಲ.

ಗೋಡೆ ಹಸಿಯಾಗಿರುವಾಗಲೇ ಕಡ್ಡಿಯಿಂದ ಕಲ್ಲುಗಳ ಗೆರೆ ಕೊರೆಯಬೇಕು. ಇಟ್ಟಿಗೆಯಂತೆ ಸಮವಾದ ಗೆರೆ ಬೇಡ. ಅಡಿಯಲ್ಲಿ ದೊಡ್ಡ ಕಲ್ಲು, ಮೇಲೆ ಸಣ್ಣವು, ಗೋಡೆಯೂ ಅಡಿಯಲ್ಲಿ ದಪ್ಪ, ತಲೆಯಲ್ಲಿ ತೆಳು. ಒಣಗಿದ ಮೇಲೆ ಸುಣ್ಣಕ್ಕೆ ಇದ್ದಿಲಪುಡಿ ಬೆರಸಿ ಬಳಿದು, ತೀರ ತೆಳುವಾದ ಕಪ್ಪುನೀರನ್ನು ಗೋಡೆಯ ತಲೆಯಿಂದ ಹನಿಹನಿಯಾಗಿ ಇಳಿಯಬಿಟ್ಟರೆ ಮಳೆಯ ಕಲೆ ತಾನಾಗಿ ಮೂಡುತ್ತದೆ. ಹಸುರಿಗೆ ರಾಗಿಯ ಮೊಳಕೆ ವಾಡಿಕೆ. ಆದರೆ ಒಂದು ಅಂಗುಲದ ರಾಗಿಸಸಿ ನಮ್ಮ ಸಿಪಾಯಿಯ ಸೊಂಟ ಮುಟ್ಟುತ್ತದೆ. ಅದು ಗದ್ದೆಯಾದೀತು, ಹುಲ್ಲಾಗಲಾರದು. ಜಂಬಿಟ್ಟಿಗೆಯ ಗೋಡೆಗಳ ಮೇಲೆ ಬೆಳೆವ ಹಾವಸೆ ಅಳತೆಗೆ ಒಪ್ಪುತ್ತದೆ. ಅದರ ನೀರು ಕೋಟೆಯ ಬುಡಕ್ಕೆ ಇಳಿಯದಂತೆ ಹಾಳೆಯ ತುಂಡಿನ ಮೇಲೆ ಇಡಬೇಕು.

ಕಡೆಯದಾಗಿ, ಕೋಟೆಯ ಬೆನ್ನು. ನೋಡುವವರಿಗೆ ಕಾಣುವುದಿಲ್ಲವೆಂದು ಹಿಂಬದಿಯನ್ನು ಬರಿಯ ರಟ್ಟಾಗಿ ಬಿಡುವುದು ಸಾಮಾನ್ಯ. ಕೆಳದಿಯವರ ರಾಜಧಾನಿಯಾದ ಬಿದನೂರನ್ನು ಹೈದರಾಲಿಯು 1763ರಲ್ಲಿ ಹಿಡಿದಾಗ, ಸೈನ್ಯದ ಒಂದು ಭಾಗಕ್ಕೆ ಕಾಡಿನ ಗುಪ್ತಮಾರ್ಗವೊಂದನ್ನು ತೋರಿಸಿಕೊಟ್ಟವನು ಆ ರಾಜ್ಯದಲ್ಲಿಯೇ ಹಿಂದೆ ಮಂತ್ರಿಯಾಗಿದ್ದವನೆಂದು ಇತಿಹಾಸಕಾರರು ಬರೆದಿದ್ದಾರೆ. ಹಿಂಬದಿಯ ಗೋಡೆಯನ್ನೂ ಕಟ್ಟಿ, ಎಲ್ಲಿಯೋ ಒಂದೆಡೆ ದಿಡ್ಡಿಬಾಗಿಲನ್ನು ಬಿಟ್ಟು, ಅಲ್ಲಿ ಒಬ್ಬ ಕಾವಲಿನವನನ್ನು ನಿಲ್ಲಿಸಲು ಮಕ್ಕಳಿಗೆ ಹೇಳಬೇಕು. ಅವನನ್ನು ಯಾವ ಕಡೆಗೆ ಮುಖ ಮಾಡಿ ನಿಲ್ಲಿಸಬೇಕೆಂಬ ಬಗ್ಗೆ ಅವರಲ್ಲಿ ಜಗಳವಾಗುತ್ತದೆ. ಆ ಜಗಳಕ್ಕೆ ಹಿರಿಯರು ಬಾಯಿಹಾಕದಿರುವುದು ಮೇಲು.

ವಿಜಯದಶಮಿ ಕಳೆದ ಮೇಲೆ ಗೊಂಬೆಗಳನ್ನು ಹಳೆಯ ಹತ್ತಿಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಸೇರಿಸುತ್ತಾರೆ. ಕೋಟೆಯನ್ನು ಇಡಿಯಾಗಿ ಉಳಿಸುವುದು ವ್ಯರ್ಥ, ಗೆದ್ದಲು ಬಿಡುವುದಿಲ್ಲ. ಬಾಗಿಲುಗಳನ್ನೂ ಹಾಳೆಯ ಮಾಡನ್ನೂ ತಗಡಿನ ಡಬ್ಬಿಯಲ್ಲಿಟ್ಟು, ರಟ್ಟುಗಳ ಅಂಚನ್ನು ದೊಡ್ಡ ಕಾಗದದ ಮೇಲೆ ಗೆರೆಯೆಳೆದು ಸುರುಳಿಸುತ್ತಿ ಅದರ ಜೊತೆಗೇ ಇಡಬೇಕು; ಬರುವ ವರ್ಷ ಗುಡ್ಡವನ್ನು ಪೇರಿಸಲು ಅರ್ಧ ದಿನ ಸಾಕಾಗುತ್ತದೆ.